ಬೆಳ್ಳಿ ನಾಣ್ಯದ ಮೀಸೆ

ಮಾವ ಬರುತ್ತಾರೆಂದರೆ ಚಿಕ್ಕಳಿಯನಿಗೆ ಎರಡು ದಿನ ಮೊದಲೇ ಹೊಟ್ಟೆ ಕೆಡುತ್ತಿತ್ತು. ಈ ಸಲ ಕೆಟ್ಟ ಹೊಟ್ಟೆ ಸರಿಹೋಗದೆ ಹತ್ತಿರ ಹತ್ತಿರ ಒಂದು ವರ್ಷವೇ ಆಗಿತ್ತು. ಏಕೆಂದರೆ ಈ ಸಲ ಮಾವನಿಗಿಂತ ಮೊದಲೇ ಮಾವನ ನಾಣ್ಯ ಬಂದು ಮನೆಯಲ್ಲಿ ಕೂತಿತ್ತು.

(ಚಿಕ್ಕಳಿಯ ಎಂದರೆ ಆಳಿನಲ್ಲಿ ಚಿಕ್ಕವನೆಂದು ತಿಳಿಯಬೇಡಿ. ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಬರಬೇಕು, ಅಷ್ಟು ಎತ್ತರ. ಆ ಮನೆಯ ಕಿರಿಯ ಮಗಳ ಕೈ ಹಿಡಿದ ತಪ್ಪಿಗೆ ಅಂಟಿದ ಹೆಸರು ಅದು. ಈಗ ಯಾರಾದರೂ ಸ್ವಂತ ಹೆಸರು ಹಿಡಿದು ಕರೆದರೆ ಅವನು ತಿರುಗಿ ಕೂಡ ನೋಡುವುದಿಲ್ಲ.)

ನಾಣ್ಯದ ವಿಷಯ ಮೊದಲು ಹೇಳಿಬಿಡಬೇಕು. ಟಂಕಸಾಲೆಯವರು ಪ್ರತಿ ಚಳಿಗಾಲಕ್ಕೂ ಒಂದು ಬೆಳ್ಳಿ ನಾಣ್ಯ ಹೊರಡಿಸುತ್ತಾರೆ. ಅದು ಖರ್ಚು ಮಾಡುವ ನಾಣ್ಯವಲ್ಲ, ಗಾಜಿನ ಡಬ್ಬಿಯಲ್ಲಿಟ್ಟು ನೋಡುವ ನಾಣ್ಯ. ಬಹಳ ವರ್ಷಗಳ ಹಿಂದೆ ಬಂದ ನಾಣ್ಯದ ಹೆಸರು ‘ಚಳಿ ರಜೆಯ ಸಂಜೆ’. ಅದರ ಮೇಲೊಂದು ಕುಟುಂಬ ಕಬ್ಬಿಣದ ಒಲೆಯ ಸುತ್ತ ಕೂತಿದೆ. ಅಜ್ಜ ಕೈಕುರ್ಚಿಯಲ್ಲಿ ಕೂತು ಕಥೆ ಹೇಳುತ್ತಿದ್ದಾನೆ. ಅಜ್ಜಿ ಕಾಲುಚೀಲ ಹೆಣೆಯುತ್ತಿದ್ದಾಳೆ. ಒಬ್ಬ ಹೆಂಗಸಿನ ಕೈಯಲ್ಲಿ ಪುಸ್ತಕ, ಇನ್ನೊಬ್ಬಳ ಕೈಯಲ್ಲಿ ಕೆಟಲ್ಲು. ಮಂಡಿಯೂರಿದ ಗಂಡಸೊಬ್ಬ ಒಲೆಗೆ ಸೌದೆ ಒಡ್ಡುತ್ತಿದ್ದಾನೆ, ಒಂದು ಮಗು ಅಜ್ಜನ ಮೊಣಕಾಲಿಗೆ ಗದ್ದ ಊರಿಕೊಂಡಿದೆ. ಮುಖ್ಯವಾದ ಸಂಗತಿ, ಅಜ್ಜನಿಗೆ ಮೀಸೆ ಇದೆ. ತುದಿ ಎರಡೂ ಮೇಲಕ್ಕೆ ತಿರುಗಿದ, ಯಾರನ್ನಾದರೂ ಗದರಿಸಲು ಸಿದ್ಧವಾಗಿರುವ ಮೀಸೆ. ಮಾವನ ಮೀಸೆಯೂ ಥೇಟ್ ಹಾಗೇ.

“ಟಂಕಸಾಲೆಯ ಚಿತ್ರಕಾರ ನಮ್ಮ ಲಾಂಡ್ರಿಗೇ ಬಟ್ಟೆ ಹಾಕ್ತಿದ್ದ. ಮನುಷ್ಯ ಬಟ್ಟೆ ಕೊಡೋಕೆ ಬಂದವನು ನನ್ನ ಮುಖಾನೇ ನೋಡ್ತಾ ನಿಂತುಬಿಡೋನು. ಆಮೇಲೆ ನೋಡಿದ್ರೆ ನಾಣ್ಯದ ಮೇಲೆ ನಾನು!” ಎಂದು ಮಾವ ಹೇಳದ ವರ್ಷವಿಲ್ಲ.

ಹೌದು, ಮಾವನದು ಲಾಂಡ್ರಿ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತರೂ ಬಟ್ಟೆಗೆ ಗುರುತು ಹಾಕುವ ಕಪ್ಪು ಇಂಕಿನ ಸೀಸೆಯನ್ನು ಅವರು ಬಿಟ್ಟಿರಲಿಲ್ಲ. ಎಷ್ಟು ಒಗೆದರೂ ಹೋಗದ ಇಂಕು ಅದು. ಮನೆಯ ಛತ್ರಿ, ದಿಂಬಿನ ಚೀಲ, ಮೊಮ್ಮಗಳ ಟೋಪಿ ಯಾವುದೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ. ಮದುವೆಯ ಉಡುಗೊರೆಯೆಂದು ಕೊಟ್ಟ ಬನಿಯನ್ನುಗಳ ಮೇಲೂ ‘ಚಿ.ಅ.’ ಎಂದು ಬರೆದಿತ್ತು. ಬನಿಯನ್ನು ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ‘ಚಿ.ಅ.’ ಹಾಗೇ ಉಳಿದಿತ್ತು.

ನಾಣ್ಯ ಮನೆಗೆ ಬಂದಂದಿನಿಂದ ಅದೇ ಆ ಕುಟುಂಬದ ಸಂಪ್ರದಾಯವಾಯಿತು. ಚಳಿ ರಜೆಯ ಮೊದಲ ಸಂಜೆ ಎಲ್ಲರೂ ನಾಣ್ಯವಿರುವ ಮನೆಯಲ್ಲಿ ಸೇರಿ, ನಾಣ್ಯದಲ್ಲಿದ್ದಂತೆಯೇ ಒಲೆಯ ಸುತ್ತ ಕೂರಬೇಕು. ಅತ್ತೆಗೆ ಹೆಣಿಗೆ ಬರುವುದಿಲ್ಲ. ಆದರೂ ಸೂಜಿ ಹಿಡಿದು ಕೂರುತ್ತಾರೆ. ಅವರ ಕೈಯಲ್ಲಿರುವ ಅರ್ಧ ಕಾಲುಚೀಲಕ್ಕೆ ಮೊಮ್ಮಗಳಿಗಿಂತ ಹೆಚ್ಚು ವಯಸ್ಸು. ಹಿರಿಯ ಮಗಳು ಪುಸ್ತಕ ಹಿಡಿಯುತ್ತಾಳೆ, ಕಿರಿಯವಳು ಕೆಟಲ್ಲು. ದೊಡ್ಡಳಿಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವನು ಮಂಡಿಯೂರಿ ಸೌದೆ ಒಡ್ಡುತ್ತಾನೆ. ಅವನ ಮಗಳು ಅಜ್ಜನ ಮೊಣಕಾಲಿಗೆ ಗದ್ದ ಊರುತ್ತಾಳೆ.

ಚಿಕ್ಕಳಿಯನಿಗೆ ಮಾತ್ರ ನಾಣ್ಯದಲ್ಲಿ ಜಾಗವಿರಲಿಲ್ಲ. ಮೊದಲ ವರ್ಷ ಅವನು ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದಾಗ ಮಾವ ತಮ್ಮ ಕುರ್ಚಿಯ ಹಿಂದಿನ ಮೂಲೆ ತೋರಿಸಿದ್ದರು. ಒಲೆಯ ಬಿಸಿ ಅಲ್ಲಿಗೆ ಬರುವುದಿಲ್ಲ, ಕಿಟಕಿಯ ಸಂದಿಯ ಗಾಳಿ ಮಾತ್ರ ನೆಟ್ಟಗೆ ಬರುತ್ತದೆ. “ಇನ್ನೂ ಸ್ವಲ್ಪ ಮುದುಡ್ಕೊಳ್ಳಿ ಅಳಿಯಂದ್ರೇ. ಹಾಂ, ಹಾಗೆ. ಮಫ್ಲರ್ ಇಳಿಸಿ, ಕಿವಿ ಕಾಣ್ಲಿ,” ಎನ್ನುತ್ತಿದ್ದರು ಮಾವ. ಎಲ್ಲರಿಗೂ ಲೋಟದಲ್ಲಿ ಕಾಫಿ ಬಂದರೆ ಅವನಿಗೊಬ್ಬನಿಗೇ ಬಟ್ಟಲಲ್ಲಿ ಬಿಸಿ ಹಾಲು. “ನಿಮ್ಮದು ಸೂಕ್ಷ್ಮ ಹೊಟ್ಟೆ,” ಎನ್ನುತ್ತಿದ್ದರು ಅತ್ತೆ. ಇಷ್ಟು ಜನರ ನಡುವೆ ತನ್ನ ಹೊಟ್ಟೆಯ ಚಿಂತೆ ಮಾಡುವ ಜೀವ ಒಂದಾದರೂ ಇದೆಯಲ್ಲ ಎಂದು ಅವನ ಕಣ್ಣು ತುಂಬಿಬರುತ್ತಿತ್ತು.

ಎಲ್ಲರೂ ಕೂತ ಮೇಲೆ ಮಾವ ಬಿಳಿ ಹತ್ತಿಯ ಕೈಗವಸು ತೊಟ್ಟು, ಡಬ್ಬಿಯಿಂದ ನಾಣ್ಯ ತೆಗೆದು ಭೂತಗನ್ನಡಿಯಲ್ಲಿ ನೋಡುತ್ತಾರೆ. ಆಮೇಲೆ ಅದು ಕೈಯಿಂದ ಕೈಗೆ ಹೋಗುತ್ತದೆ, ಕೈಗವಸಿನ ಸಮೇತ. ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಉಜ್ಜುವ ಹಾಗಿಲ್ಲ, ಮುಖದ ಹತ್ತಿರ ಬೆರಳಂತೂ ಹೋಗಲೇಕೂಡದು. “ಬೆಳ್ಳಿ ಅಂದ್ರೆ ಕೂಸಿದ್ದ ಹಾಗೆ,” ಎನ್ನುತ್ತಾರೆ ಮಾವ. ಹೋದ ವರ್ಷ ದೊಡ್ಡಳಿಯ ಕೂಸನ್ನು ಕೈಬಿಟ್ಟ. ನಾಣ್ಯ ಉರುಳಿ ಒಲೆಯ ಕೆಳಗೆ ಹೋಯಿತು. ಅದು ಉರುಳುತ್ತಿದ್ದಷ್ಟು ಹೊತ್ತೂ ಅವನು ಅಭ್ಯಾಸಬಲದಿಂದ ಬಲಗಾಲಲ್ಲಿ ಇಲ್ಲದ ಬ್ರೇಕು ಒತ್ತುತ್ತಿದ್ದ. ಮಾವ ವರ್ಷಗಳಿಂದ ಹಿರಿಯ ಮಗಳ ಮನೆಯಲ್ಲಿದ್ದ ನಾಣ್ಯವನ್ನು ಎತ್ತಿ ಕಿರಿಯ ಮಗಳ ಕೈಗಿಟ್ಟರು. ದೊಡ್ಡಳಿಯನ ಮುಖ ನೋಡಿದ ಚಿಕ್ಕಳಿಯನಿಗೆ ಆ ಕ್ಷಣದಿಂದಲೇ ಹೊಟ್ಟೆ ಕೆಟ್ಟಿತು.

ಹೆಂಡತಿಯ ಕಥೆ ಬೇರೆ. ಅವಳು ಆ ಡಬ್ಬಿಯನ್ನು ಬೀರುವಿನಲ್ಲಿ ತನ್ನ ಒಳ್ಳೆಯ ಬಟ್ಟೆಗಳ ನಡುವೆ ಇಟ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು. “ನಿಮಗೆ ಅರ್ಥ ಆಗಲ್ಲ ರೀ,” ಎಂದಿದ್ದಳು ಒಂದು ದಿನ. “ಅಕ್ಕನ ಹಳೇ ಬಟ್ಟೆ, ಅಕ್ಕನ ಹಳೇ ಸೈಕಲ್ಲು, ಅಕ್ಕ ಬರೆದು ಬಿಟ್ಟ ಪೆನ್ನು. ಇದೊಂದೇ ರೀ ಅಪ್ಪ ನನ್ನನ್ನ ನಂಬಿ ನನ್ನ ಕೈಗೆ ಕೊಟ್ಟಿರೋದು. ಇದಕ್ಕೇನಾದ್ರೂ ಆದ್ರೆ ನಾನು ಯಾವ ಮುಖ ಇಟ್ಕೊಂಡು ಅವರ ಮುಂದೆ ನಿಲ್ಲಲಿ?” ಹಾಗೆನ್ನುವಾಗ ಅವಳ ದನಿ ಸಣ್ಣಗೆ ಒಡೆದಿತ್ತು. ಮಾವನಿಗೆ ಹೆದರುವುದು ಚಿಕ್ಕಳಿಯನಿಗೆ ಹಳೆಯ ಅಭ್ಯಾಸ; ಆದರೆ ಆ ದನಿ ಅವನನ್ನು ನಿಜವಾಗಿ ಹೆದರಿಸಿತು.

ಇಂಥ ಮನುಷ್ಯ ಸುಮ್ಮನಿರಬೇಕಿತ್ತು. ಇರಲಿಲ್ಲ.

ಚಿಕ್ಕಳಿಯನದು ಹಲ್ಲುಸೆಟ್ಟು ಮಾಡುವ ಕೆಲಸ. ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ, ಪ್ಲಾಸ್ಟರಿನ ದವಡೆಗಳ ಸಾಲಿನ ನಡುವೆ ಕೂತು, ಊರಿನವರ ಕಟ್ಟಿಸಿಕೊಂಡ ಹಲ್ಲುಗಳನ್ನೆಲ್ಲ ತಿರುಗುವ ಬಟ್ಟೆಚಕ್ರಕ್ಕೆ ಹಿಡಿದು ಮಿರಮಿರ ಮಿಂಚಿಸುತ್ತಾನೆ. ಆ ಕೆಲಸದ ದೋಷವೋ ಏನೋ, ಎಲ್ಲೇ ಕಲೆ ಕಂಡರೂ ಅವನ ಕೈ ತುರಿಸುತ್ತದೆ. ಬಸ್ಸಿನಲ್ಲಿ ಎದುರಿಗೆ ಕೂತವರು ನಕ್ಕರೆ ಇವನ ಬೆರಳು ತಾನಾಗಿ ಜೇಬಿನಲ್ಲಿ ಉಜ್ಜಾಡುತ್ತದೆ.

ಮಾವ ಬರುವ ದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಅವನು ಬೀರು ತೆಗೆದು ಡಬ್ಬಿ ನೋಡಿದ. ಸುಮ್ಮನೆ ಧೈರ್ಯಕ್ಕೆ. ನಾಣ್ಯ ಸುರಕ್ಷಿತವಾಗಿತ್ತು. ಆದರೆ ಅಜ್ಜನ ಕುರ್ಚಿಯ ಹಿಂದೆ ಒಂದು ಕಡೆ ಕಪ್ಪಗಾಗಿತ್ತು, ಹಲ್ಲಿನ ಸಂದಿಯ ಕಲೆಯ ಹಾಗೆ. ಈ ಕಪ್ಪು ಮೊದಲೇ ಇತ್ತೋ, ಇಲ್ಲಿಗೆ ಬಂದ ಮೇಲೆ ಆಯಿತೋ? ಮಾವ ಭೂತಗನ್ನಡಿ ಹಿಡಿದು ‘ನಿನ್ನ ಮನೆಗೆ ಬಂದು ಕೂಸು ಕಪ್ಪಾಯ್ತಲ್ಲ ಮಗಳೇ’ ಎಂದರೆ ಹೆಂಡತಿಯ ಗತಿ? ಹೆದರಿಕೆಯ ಆ ಗಳಿಗೆಯಲ್ಲಿ ಅವನಿಗೊಂದು ದಿವ್ಯಜ್ಞಾನ ಉಂಟಾಯಿತು. ಪ್ರಪಂಚದ ಹಲ್ಲುಗಳನ್ನೆಲ್ಲ ಬೆಳಗುವವನಿಗೆ ಇದೊಂದು ಚೂರು ಬೆಳ್ಳಿ ಯಾವ ಲೆಕ್ಕ? ನಾಣ್ಯ ಜೇಬಿಗೆ ಹೋಯಿತು, ಡಬ್ಬಿ ಖಾಲಿಯಾಗಿ ಬಟ್ಟೆಗಳ ನಡುವೆ ಉಳಿಯಿತು.

ಊಟದ ಬಿಡುವಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಅವನು ಚಕ್ರ ಶುರುಮಾಡಿದ. ಬಟ್ಟೆಚಕ್ರಗಳಲ್ಲೇ ಮೆತ್ತನೆಯದು, ಪುಡಿಗಳಲ್ಲೇ ನುಣುಪಾದದ್ದು. ಉಸಿರು ಬಿಗಿಹಿಡಿದು ನಾಣ್ಯ ಒಡ್ಡಿದ. ಕಪ್ಪು ಹೋಯಿತು! ಅದು ಹೋದ ಜಾಗದಲ್ಲಿ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ (ಎಂದು ಅವನು ತಿಳಿದ) ಒಂದು ಬೆಕ್ಕು ಎದ್ದು ಬಂತು. ಕುರ್ಚಿಯ ಹಿಂದೆ ಮುದುಡಿಕೊಂಡು, ಕಿವಿ ಹಿಂದಕ್ಕೆ ಮಾಡಿ, ಗಾಬರಿಗಣ್ಣು ಬಿಟ್ಟ ಬೆಕ್ಕು. ‘ಪಾಪ, ಅಲ್ಲಿಗೆ ಒಲೆಯ ಬಿಸಿ ಎಲ್ಲಿ ಬರಬೇಕು,’ ಎಂದು ಅವನು ಮರುಗಿದ. ಹುರುಪು ಬಂತು. ಇಷ್ಟಾಯಿತು, ಇನ್ನಷ್ಟು ಮಿಂಚಲಿ ಎಂದು ಇಡೀ ನಾಣ್ಯವನ್ನು ಒಂದು ಸುತ್ತು ಹೊಳಪಿಸಿ, ಬೆಳಕಿಗೆ ಹಿಡಿದು ನೋಡಿದ.

ಅಜ್ಜನಿಗೆ ಮೀಸೆ ಇರಲಿಲ್ಲ.

ಚಿಕ್ಕಳಿಯ ಕಣ್ಣುಜ್ಜಿಕೊಂಡ. ಚಕ್ರದ ಕೆಳಗೆ ಹುಡುಕಿದ. (ಮೀಸೆ ಉದುರಿಬಿದ್ದಿರುತ್ತದೆಯೇ? ಹೆದರಿದವನು ಎಲ್ಲ ಕಡೆಯೂ ಹುಡುಕುತ್ತಾನೆ.) ಮೂಗು ಇತ್ತು, ಕಿವಿ ಇತ್ತು, ಅಜ್ಜಿಯ ಸೂಜಿಯಲ್ಲಿನ ಹೆಣಿಗೆಯ ಕುಣಿಕೆಗಳು ಕೂಡ ಒಂದೊಂದೂ ಇದ್ದವು. ಮೀಸೆ ಮಾತ್ರ ಇಲ್ಲ. ಅಜ್ಜ ಈಗ ತಾನೆ ಕ್ಷೌರದಂಗಡಿಯಿಂದ ಎದ್ದುಬಂದವನ ಹಾಗೆ ನುಣ್ಣಗೆ ನಗುತ್ತಿದ್ದ. ಸೂಜಿಯಷ್ಟು ಸಣ್ಣದೆಲ್ಲ ಉಳಿದು ದಪ್ಪ ಮೀಸೆ ಒಂದೇ ಹೇಗೆ ಸವೆಯಿತೆಂದು ಕೇಳಿಕೊಳ್ಳುವ ಬುದ್ಧಿ ಅವನಿಗೆ ಆಗ ಬರಲಿಲ್ಲ. ಅವನು ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದ. ಮಾವನ ಮೀಸೆಯನ್ನು ತಾನೇ ಕೈಯಾರೆ ತೇಯ್ದಿದ್ದೇನೆ!

ಬಾಗಿಲು ಕಿರ್ರೆಂದಿತು. ಕ್ಲಿನಿಕ್ಕಿನ ಡಾಕ್ಟರಮ್ಮ ತಲೆ ಹಾಕಿದರು. ಚಿಕ್ಕಳಿಯ ನಾಣ್ಯವನ್ನು ಕೈಗೆ ಸಿಕ್ಕ ಪ್ಲಾಸ್ಟರ್ ದವಡೆಯ ಬಾಯಿಗೆ ತುರುಕಿ ಕಚ್ಚಿಸಿದ.

“ಊಟ ಮಾಡ್ಲಿಲ್ವೇನ್ರೀ? ಯಾಕೆ ಹೀಗೆ ಬೆವರ್ತಾ ಇದೀರಾ?”

“ಹಲ್ಲು… ಹಲ್ಲು ನೋವು ಮೇಡಂ.”

“ಅಯ್ಯೋ, ಮೊದಲೇ ಹೇಳ್ಬಾರ್ದಾ! ಬನ್ನಿ, ಕುರ್ಚಿ ಖಾಲಿ ಇದೆ. ಕಿತ್ತೇ ಬಿಡೋಣ.”

ಇನ್ನೊಂದು ದಿನವಾಗಿದ್ದರೆ ಅವನು ಓಡಿಹೋಗುತ್ತಿದ್ದ. ಅಂದು ಒಂದು ಕ್ಷಣ ಯೋಚಿಸಿದ. ಬಾಯಿ ತುಂಬ ಹತ್ತಿಯಿಟ್ಟುಕೊಂಡು ಮನೆಗೆ ಹೋದರೆ ಮಾವನ ಪ್ರಶ್ನೆಗೆ ಉತ್ತರ ಕೊಡುವುದು ತಪ್ಪುತ್ತದೆ. ಕೊನೆಗೆ ಹಲ್ಲಿನ ಮೇಲಿನ ಆಸೆಯೇ ಗೆದ್ದಿತು. “ಹೋಯ್ತು ಮೇಡಂ, ಈಗ ನೋವು ಹೋಯ್ತು,” ಎಂದ.

ಅವರು ಅತ್ತ ಹೋದದ್ದೇ ತಡ, ಚಿಕ್ಕಳಿಯ ತನ್ನ ಕೊರೆಯುವ ಯಂತ್ರಕ್ಕೆ ಎಲ್ಲಕ್ಕಿಂತ ಸಣ್ಣ ಮೊನೆ ಸಿಕ್ಕಿಸಿದ. ಹಲ್ಲಿಗೆ ಗೆರೆ ಮೂಡಿಸುವ ಕೈಗೆ ಮೀಸೆ ಮೂಡಿಸಲು ಬಾರದೇ? ಬಂತು. ಆದರೆ ಕೈ ನಡುಗುತ್ತಿತ್ತು. ಎಡಗಡೆಯ ತುದಿ ಬಲಗಡೆಗಿಂತ ಕೂದಲೆಳೆಯಷ್ಟು ಉದ್ದವಾಯಿತು. ಬಲಗಡೆ ಸ್ವಲ್ಪ ಬೆಳೆಸಿದ, ಈಗ ಎಡಗಡೆ ಗಿಡ್ಡ. ಎಡಗಡೆ ಬೆಳೆಸಿದ. ಕ್ಷೌರಿಕನಾದರೆ ಸರಿಮಾಡುತ್ತ ಹೋದಂತೆ ಮೀಸೆ ಚಿಕ್ಕದಾಗುತ್ತದೆ. ಇವನು ಸರಿಮಾಡುತ್ತ ಹೋದಂತೆ ದೊಡ್ಡದಾಗುತ್ತ ಹೋಯಿತು. ಕಡೆಗೆ ಎರಡು ತುದಿಯೂ ಕಿವಿಯ ಬುಡ ಮುಟ್ಟಿದಾಗ, ಇನ್ನು ಬೆಳೆಯಲು ಮುಖವಿಲ್ಲದ್ದರಿಂದ, ನಿಲ್ಲಿಸಿದ. ಗೆರೆಗಳಿಗೆ ಬೂಟ್ ಪಾಲಿಶ್ ತುಂಬಿ ಒರೆಸಿದ. ದೂರದಿಂದ ನೋಡಿದರೆ ಪರವಾಗಿಲ್ಲ ಅನ್ನಿಸಿತು. ಕೋಣೆಯ ಆ ತುದಿಗೆ ಹೋಗಿ ನೋಡಿದರೆ ಬಹಳ ಚೆನ್ನಾಗಿತ್ತು.

ಮನೆಗೆ ಬಂದಾಗ ಹೆಂಡತಿ ಒಲೆಯ ಕೊಳವೆ ಒರೆಸುತ್ತಿದ್ದಳು. ಅವನು ಕಳ್ಳನ ಹಾಗೆ ಬೀರುವಿನ ಹತ್ತಿರ ಸರಿದು ನಾಣ್ಯವನ್ನು ಡಬ್ಬಿಗೆ ಸೇರಿಸಿ ತಿರುಗಿದರೆ ಅವಳು ಹಿಂದೆಯೇ ನಿಂತಿದ್ದಾಳೆ.

“ಬೀರು ಹತ್ರ ಏನ್ರೀ ಕೆಲಸ?”

“ಸ್ವೆಟರ್.”

“ಮೈಮೇಲಿದೆಯಲ್ಲ.”

“ಇನ್ನೊಂದು.”

ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. “ಇಷ್ಟೊಂದು ಹೆದರಬೇಡಿ ರೀ. ಈ ಸಲ ಹೆದರೋಕೆ ಏನಿದೆ? ವರ್ಷ ಪೂರ್ತಿ ಕಣ್ಣಲ್ಲಿ ಕಣ್ಣಿಟ್ಟು ಕಾದಿದೀನಿ. ಬರಿಗಣ್ಣಲ್ಲಿ ನೋಡಿದ್ದು ಬಿಟ್ರೆ ಒಂದು ಬೆರಳು ಇಟ್ಟಿಲ್ಲ.” ಅವಳು ನಕ್ಕಳು. ಆ ನಗು ನೋಡಿ ಚಿಕ್ಕಳಿಯನಿಗೆ ಅಳು ಬಂತು. ಈಗಲೇ ಹೇಳಿಬಿಡಲೇ ಎಂದು ಬಾಯಿ ತೆರೆದ. ಕರೆಗಂಟೆ ಸದ್ದುಮಾಡಿತು.

ಮಾವ ಬಂದರು. ಅವರಿಗಿಂತ ಒಂದು ಹೆಜ್ಜೆ ಮುಂದೆ ಅವರ ಮೀಸೆ ಬಂತು. ಹಿಂದೆ ಅತ್ತೆ, ಹೆಂಡತಿಯ ಅಕ್ಕ, ದೊಡ್ಡಳಿಯ, ಅವರ ಮಗಳು. ಅಕ್ಕ ಒಳಗೆ ಬಂದವಳೇ, “ನಾಣ್ಯ ಇದೆ ತಾನೆ?” ಎಂದಳು. ತಂಗಿ, “ನಮ್ಮನೇಲಿ ಯಾವುದೂ ಉರುಳಲ್ಲ ಅಕ್ಕ,” ಎಂದಳು. ದೊಡ್ಡಳಿಯ ಕೆಮ್ಮಿದ.

ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದರು. ಸೂಜಿ, ಪುಸ್ತಕ, ಕೆಟಲ್ಲು, ಸೌದೆ, ಗದ್ದ ಎಲ್ಲ ಹೊಂದಿಕೊಂಡವು. ಚಿಕ್ಕಳಿಯ ಕುರ್ಚಿಯ ಹಿಂದೆ ಹೋಗಿ, ಈ ಸಲ ಯಾರೂ ಹೇಳದೆಯೇ, ಎಂದಿಗಿಂತ ಹೆಚ್ಚು ಮುದುಡಿಕೊಂಡ. ಅಲ್ಲಿಂದ ಮಾವನ ಬೆನ್ನು ಕಾಣುತ್ತಿತ್ತು, ಕೈಗವಸು ತೊಡುವ ಕೈ ಕಾಣುತ್ತಿತ್ತು. ಡಬ್ಬಿಯ ಮುಚ್ಚಳ ಟಕ್ಕೆಂದಿತು.

ಮಾವ ಭೂತಗನ್ನಡಿ ಹಿಡಿದರು. ಒಲೆಯಲ್ಲಿ ಸೌದೆ ಚಟಪಟ ಎಂದಿತು. ಮಾವ ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು, ಒರೆಸಿದರು, ಮತ್ತೆ ಹತ್ತಿರ ತಂದರು. ಅವರ ಕುತ್ತಿಗೆಯ ಹಿಂಭಾಗ ನಿಧಾನವಾಗಿ ಕೆಂಪಗಾಗಿ, ಆಮೇಲೆ ಬಿಳುಚಿಕೊಂಡದ್ದನ್ನು ಚಿಕ್ಕಳಿಯ ಕಣ್ಣಾರೆ ಕಂಡ. ಮುಗಿಯಿತು ಕಥೆ ಎಂದುಕೊಂಡ. ಹೆಂಡತಿ ಕೆಟಲ್ಲು ಹಿಡಿದು ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯಂತೆ.

“ಅಪ್ಪಾ? ಚೆನ್ನಾಗಿದೆ ತಾನೆ?”

“ಹೂಂ,” ಎಂದರು ಮಾವ. ಎಂಥಾ ದನಿ ಅದು! ಬಾವಿಯ ತಳದಿಂದ ಬಂದಂತಿತ್ತು. “ಚೆ… ಚೆನ್ನಾಗಿದೆ.”

ನಾಣ್ಯ ದೊಡ್ಡಳಿಯನ ಕೈಗೆ ಬಂತು. ಅವನು ಎರಡೂ ಕೈಯಲ್ಲಿ ಹಿಡಿದು, ಬಲಗಾಲನ್ನು ಬ್ರೇಕಿನ ಮೇಲೆ ಭದ್ರವಾಗಿ ಇಟ್ಟುಕೊಂಡೇ ನೋಡಿದ. “ಏನ್ ಮಾವ, ಈ ಸಲ ಮೀಸೆ ಬೆಳೆದ ಹಾಗಿದೆಯಲ್ಲ!”

ಅಕ್ಕ ಬಗ್ಗಿ ನೋಡಿದಳು. “ಹೌದಲ್ವಾ! ಕಿವಿ ತನಕ ಬಂದಿದೆ!”

“ಬೆಳ್ಳಿ ಚಳಿಗೆ ಹಿಗ್ಗುತ್ತೆ!” ಎಂದು ಮಾವ ಕೂಗಿದರು. ಕೂಗಿದ ಜೋರಿಗೆ ಮೊಮ್ಮಗಳ ಗದ್ದ ಮೊಣಕಾಲಿಂದ ಜಾರಿತು. ಅವರು ಕುರ್ಚಿಯ ಹಿಂದಕ್ಕೆ ತಿರುಗಿದರು. “ಸೌದೆ ಸಾಲಲ್ಲ. ಅಳಿಯಂದ್ರೇ, ಏಳಿ. ಸೌದೆ ತರೋಣ ಬನ್ನಿ.”

“ಸೌದೆ ಇಲ್ಲೇ ಬೇಕಾದಷ್ಟಿದೆ ಮಾವ,” ಎಂದ ದೊಡ್ಡಳಿಯ.

“ಇದು ಸಾಲಲ್ಲ ಅಂದೆ!”

ಹಿತ್ತಲಿನ ಸೌದೆ ಕೊಟ್ಟಿಗೆಗೆ ಚಿಕ್ಕಳಿಯ ಮಾವನ ಹಿಂದೆ ನಡೆದ. ಕೊಟ್ಟಿಗೆಯಲ್ಲಿ ಕೊಡಲಿ ಇರುವುದು ಅವನಿಗೆ ಆಗಲೇ ನೆನಪಾಗಬೇಕೇ? ಮಾವ ಬಾಗಿಲು ಮುಚ್ಚಿ ಅಗಳಿ ಹಾಕಿದರು. ಆಮೇಲೆ ಅವನ ಎರಡೂ ತೋಳು ಹಿಡಿದುಕೊಂಡರು.

“ಏನಯ್ಯಾ ಮಾಡಿದೆ? ನಿಜ ಹೇಳು.”

ಚಿಕ್ಕಳಿಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕಪ್ಪು ಕಲೆ, ಬಟ್ಟೆಚಕ್ರ, ಹೋದ ಮೀಸೆ, ಬಂದ ಮೀಸೆ. “ತಪ್ಪಾಯ್ತು ಮಾವ. ನಿಮ್ಮ ಮೀಸೆ ತೇಯ್ದುಬಿಟ್ಟೆ. ಏನು ಬೇಕಾದ್ರೂ ಶಿಕ್ಷೆ ಕೊಡಿ, ಇವಳಿಗೆ ಮಾತ್ರ ಹೇಳಬೇಡಿ. ವರ್ಷ ಪೂರ್ತಿ ಜೋಪಾನ ಮಾಡಿದಾಳೆ. ಅವಳದೇನೂ ತಪ್ಪಿಲ್ಲ.”

ಮಾವ ಸೌದೆ ರಾಶಿಯ ಮೇಲೆ ಧೊಪ್ಪನೆ ಕೂತರು.

“ಕೆತ್ತಿಬಿಟ್ಯಾ? ಬೆಳ್ಳೀನ ಕೆತ್ತಿಬಿಟ್ಯಾ?”

“ಹೂಂ ಮಾವ.”

“ಅಯ್ಯೋ ಪುಣ್ಯಾತ್ಮ! ಆ ಅಜ್ಜನಿಗೆ ಮೀಸೆನೇ ಇರ್ಲಿಲ್ಲ ಕಣಯ್ಯಾ!”

“ಮತ್ತೆ ನಾಣ್ಯದ ಮೇಲಿದ್ದದ್ದು?” ಎಂದ ಚಿಕ್ಕಳಿಯ.

“ಆ ನಾಣ್ಯ ತಂದ ದಿನ ನಿಮ್ಮತ್ತೆ ನೋಡಿ, ‘ನೋಡಿ, ಈ ಯಜಮಾನರು ಎಷ್ಟು ಲಕ್ಷಣವಾಗಿದಾರೆ, ನೀವೂ ಮೀಸೆ ತೆಗೆದ್ರೆ ಹೀಗಾಗ್ಬಹುದು’ ಅಂದ್ಲು. ಸಿಟ್ಟು ಬಂತು. ಅವಳು ಅತ್ತ ಹೋದಾಗ ಲಾಂಡ್ರಿ ಇಂಕು ತಗೊಂಡು ಅವನಿಗೇ ಮೀಸೆ ಬರೆದೆ. ಆಮೇಲೆ ‘ನೀನು ಸರಿಯಾಗಿ ನೋಡಿಲ್ಲ, ಅದು ನಾನೇ’ ಅಂತ ಸಾಧಿಸಿದೆ. ಚಿತ್ರಕಾರನ ಕಥೆ ಕಟ್ಟಿದೆ. ಉಜ್ಜಿದ್ರೆ ಎಲ್ಲಿ ಹೋಗುತ್ತೋ ಅಂತಾನೇ ಈ ಕೈಗವಸು, ಈ ಡಬ್ಬಿ, ಈ ಕೂಸು ಗೀಸು ಎಲ್ಲ! ನೀನು ಇಂಕು ಒರೆಸಿ ಸುಮ್ಮನಿದ್ದಿದ್ರೆ ನಾಣ್ಯ ಹೊಸದಾಗಿರೋದು. ಈಗ ನೋಡು, ಜನ್ಮಕ್ಕೂ ಹೋಗದ ಮೀಸೆ ಕೆತ್ತಿದೀಯ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾವನ ಮೀಸೆಯ ತುದಿಗಳು ಮೊದಲ ಸಲ ಕೆಳಗೆ ಬಿದ್ದಿದ್ದವು. ಇಷ್ಟು ವರ್ಷ ತನ್ನನ್ನು ನಡುಗಿಸಿದ ಮನುಷ್ಯ ತನ್ನಷ್ಟೇ ಹೆದರಿಕೊಂಡು ಸೌದೆಯ ಮೇಲೆ ಕೂತಿರುವುದನ್ನು ನೋಡಿ ಚಿಕ್ಕಳಿಯನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಇವರೇ ಹೆದರುವಂಥದ್ದು ಒಳಗಿದೆಯೆಂದರೆ ತನ್ನ ಗತಿಯೇನೆಂದು ಇನ್ನಷ್ಟು ಹೆದರಿದ.

“ನಿಮ್ಮತ್ತೆಗೆ ಗೊತ್ತಾಗ್ಬಾರ್ದು,” ಎಂದರು ಮಾವ.

“ಇವಳಿಗೂ,” ಎಂದ ಚಿಕ್ಕಳಿಯ.

“ನೀನು ಬಾಯಿ ಬಿಡಬೇಡ, ನಾನೂ ಬಿಡಲ್ಲ.”

ಹೀಗೆ ಒಪ್ಪಂದವಾಗಿ, ಒಬ್ಬೊಬ್ಬರು ಒಂದೊಂದು ಸೌದೆ ಹಿಡಿದು ಒಳಗೆ ಬಂದರು. ಬಂದು ನೋಡಿದರೆ ಅತ್ತೆ ಕಾಲುಚೀಲ ಬದಿಗಿಟ್ಟು, ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು ದೀಪದ ಕೆಳಗೆ ಕೂತಿದ್ದರು. ಮಾವನ ಕೈಯಿಂದ ಸೌದೆ ಕೆಳಗೆ ಬಿತ್ತು.

“ಅಳಿಯಂದ್ರೇ,” ಎಂದರು ಅತ್ತೆ, ತಲೆಯೆತ್ತದೆ. “ಈ ಮೀಸೆ ನಿಮ್ಮ ಕೈಕೆಲಸ ತಾನೆ?”

ಚಿಕ್ಕಳಿಯ ಮಾವನನ್ನು ನೋಡಿದ. ಮಾವ ಒಲೆಯ ಕೊಳವೆ ನೋಡುತ್ತಿದ್ದರು. ಹೆಂಡತಿ ಕೆಟಲ್ಲು ಕೆಳಗಿಟ್ಟು, “ರೀ… ಡಬ್ಬಿ ತೆಗೆದ್ರಾ?” ಎಂದಳು. ಅಷ್ಟೇ ಕೇಳಿದ್ದು ಅವಳು. ಅದೇ ಸಣ್ಣಗೆ ಒಡೆದ ದನಿ. ಅವನು ಹೌದೆಂದು ತಲೆಯಾಡಿಸಿದ.

“ಚೆನ್ನಾಗಿದೆ,” ಎಂದರು ಅತ್ತೆ. “ಗಟ್ಟಿ ಕೆಲಸ. ಇವರು ಬರೆದಿದ್ದ ಮೀಸೆ ಒಂದು ಕಡೆ ವಾಲಿತ್ತು. ವರ್ಷಾವರ್ಷ ನೋಡಿ ನೋಡಿ ನನ್ನ ಕುತ್ತಿಗೆ ಓರೆಯಾಗಿತ್ತು.”

“ಬರೆದಿದ್ದ?” ಎಂದಳು ಹಿರಿಯ ಮಗಳು.

“ಏನು… ನಿನಗೆ ಗೊತ್ತಿತ್ತಾ?” ಎಂದರು ಮಾವ.

“ಗೊತ್ತಿಲ್ದೆ? ನಾನೂ ಲಾಂಡ್ರೀಲಿ ಜನ್ಮ ಸವೆಸಿದವಳು. ಆ ಇಂಕಿನ ಗುರುತು ನನಗೆ ಗೊತ್ತಾಗಲ್ವಾ? ಬರೆದ ದಿನಾನೇ ನಿಮ್ಮ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಪಾಪ, ಅಷ್ಟು ಆಸೆಪಟ್ಟು ಬರ್ಕೊಂಡಿದಾರೆ, ಇರ್ಲಿ ಬಿಡು ಅಂತ ಸುಮ್ಮನಿದ್ದೆ.” ಅತ್ತೆ ಕನ್ನಡಿಯನ್ನು ಅಜ್ಜಿಯ ಕಡೆ ಸರಿಸಿದರು. “ಅದಿರ್ಲಿ ಅಳಿಯಂದ್ರೇ, ಕೈ ಹೇಗೂ ಹಾಕಿದೀರಿ. ಈ ಅಜ್ಜಿ ಒಂಚೂರೂ ನನ್ನ ಹಾಗಿಲ್ಲ. ಒಂದು ಕನ್ನಡಕ ಹಾಕಿಕೊಡಿ.”

ಅಲ್ಲಿಗೆ ಕಟ್ಟೆ ಒಡೆಯಿತು. ಹಿರಿಯ ಮಗಳಿಗೆ ತನ್ನ ಗದ್ದದ ಮಚ್ಚೆ ಬೇಕೆನಿಸಿತು. ದೊಡ್ಡಳಿಯ, “ಷಡ್ಡಕರೇ, ಸೌದೆ ತೆಗೆದು ಕೈಗೊಂದು ಸ್ಟೇರಿಂಗ್ ಕೊಡೋಕಾಗುತ್ತಾ?” ಎಂದ. ಮೊಮ್ಮಗಳು ಎರಡು ಜಡೆ ಕೇಳಿದಳು. ಮಾವ ಕೆಳಗೆ ಬಿದ್ದಿದ್ದ ಮೀಸೆಯ ತುದಿಗಳನ್ನು ಮೇಲಕ್ಕೆ ತೀಡಿ, ಎಲ್ಲವೂ ತಾವೇ ಆಲೋಚಿಸಿದ್ದೆಂಬ ಗತ್ತಿನಲ್ಲಿ ಅಪ್ಪಣೆ ಮಾಡಿದರು: “ಇನ್ನು ಮೇಲೆ ನಾಣ್ಯ ಇದೇ ಮನೇಲಿರುತ್ತೆ. ಚಿಕ್ಕವಳ ಹತ್ರಾನೇ. ಎಲ್ಲೂ ಕದಲಲ್ಲ.”

ಹೆಂಡತಿಯ ಮುಖ ಅರಳಿತು. ಅವಳು ಅಕ್ಕನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು, ಕೊನೆಗೆ ಗಂಡನ ಕಡೆ ನೋಡಿ, ‘ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ’ ಎಂಬಂತೆ ಕಣ್ಣು ಕೆಕ್ಕರಿಸಿದಳು. ಕೆಕ್ಕರಿಸಿದ ಕಣ್ಣಿನ ಕೆಳಗೆ ತುಟಿ ನಗುತ್ತಿತ್ತು. ವರ್ಷದಿಂದ ಕೆಟ್ಟಿದ್ದ ಚಿಕ್ಕಳಿಯನ ಹೊಟ್ಟೆ ಆ ಕ್ಷಣ ತಿಳಿಯಾಯಿತು. ಹುಟ್ಟಿದಂದಿನಿಂದ ಬಾರದ ಧೈರ್ಯವೊಂದು ಬಂತು. ಆ ಧೈರ್ಯ ತಲೆಗೇರಿ ಅವನು ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿಯೇಬಿಟ್ಟ.

“ಹಾಗಾದ್ರೆ… ಹೇಗೂ ಯಂತ್ರ ಇದೆ, ಕೈಯಿದೆ. ಎಲ್ಲರನ್ನೂ ತಿದ್ದಿದ ಮೇಲೆ, ಎಲ್ಲಾದ್ರೂ ಒಂದು ಮೂಲೇಲಿ, ನನ್ನನ್ನೂ ಕೆತ್ತಿಕೊಳ್ಳಲಾ?”

ಅಕ್ಕ ಪುಸ್ತಕದೊಳಗೆ ಮುಖ ಹುದುಗಿಸಿದಳು. ದೊಡ್ಡಳಿಯ ಒಲೆಗೆ ಬೇಡದ ಸೌದೆಯೊಂದನ್ನು ಒಡ್ಡಿದ. ಹೆಂಡತಿ ಅವನ ತೋಳು ಹಿಡಿದು ಮೆಲ್ಲಗೆ ಎಳೆದಳು.

“ನೀವು ಇದೀರಲ್ರೀ,” ಎಂದಳು.

“ಎಲ್ಲಿ?”

“ಕುರ್ಚಿ ಹಿಂದೆ,” ಎಂದರು ಅತ್ತೆ ಅಚ್ಚರಿಯಿಂದ. “ನಿಮಗೆ ಗೊತ್ತಿರ್ಲಿಲ್ವಾ? ಹಳೇ ನಾಣ್ಯ, ಕಪ್ಪಾಗಿ ಮುಚ್ಚಿಹೋಗಿತ್ತು. ಮೊದಲೆಲ್ಲ ಚೆನ್ನಾಗಿ ಕಾಣ್ತಿತ್ತು. ಈಗ ನೀವೇ ತೊಳೆದು ತೋರಿಸಿದೀರಲ್ಲ.”

ಚಿಕ್ಕಳಿಯ ಭೂತಗನ್ನಡಿ ಇಸಿದುಕೊಂಡು ನೋಡಿದ. ಮುದುಡಿದ ಬೆನ್ನು, ಕಾಣುವ ಕಿವಿ, ಗಾಬರಿಗಣ್ಣು.

“ಅಲ್ಲಿ ಮಾತ್ರ ಕೈ ಇಡಬೇಡಿ ಅಳಿಯಂದ್ರೇ,” ಎಂದರು ಮಾವ ಗಂಭೀರವಾಗಿ. “ಅದೊಂದು ತಿದ್ದೋ ಹಾಗೇ ಇಲ್ಲ. ಥೇಟ್ ಬಂದಿದೆ.”

ಅತ್ತೆ ಒಳಗೆ ಹೋಗಿ ಬಂದರು. ಎಲ್ಲರಿಗೂ ಲೋಟ ಕೊಟ್ಟು, ಕೊನೆಗೆ ಬಟ್ಟಲನ್ನು ಕುರ್ಚಿಯ ಹಿಂದೆ ನೆಲದ ಮೇಲಿಟ್ಟರು. “ಆರೋಗುತ್ತೆ, ಬನ್ನಿ,” ಎಂದರು ಪ್ರೀತಿಯಿಂದ.

ಚಿಕ್ಕಳಿಯ “ಆಗಲಿ ಅತ್ತೆ,” ಎಂದು ಮಫ್ಲರ್ ಇಳಿಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತ.